ತಾಳಿಕೆಯ ಲೆಕ್ಕ

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಮ್ಮ ಹಿರಿಯರು ಪುಲ್ಲಿಂಗದಲ್ಲಿ ಕಟ್ಟಿದ್ದಾರೆ. ಆದರೆ ಅದನ್ನು ಹೇಳುವುದು ಮಾತ್ರ ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಮದುವೆಯಾಗಿ ಹೊರಟ ಹುಡುಗಿಯ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚಿನ ಜೊತೆ ಈ ಮಾತನ್ನೂ ತುಂಬಿ ಕಳಿಸುತ್ತೇವೆ. 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎನ್ನುವುದು ಅದರ ಆಡುಮಾತಿನ ರೂಪ. ಈಗೀಗ 'ಅಡ್ಜಸ್ಟ್ ಮಾಡಿಕೊ' ಎನ್ನುತ್ತೇವೆ. ಮಾತು ಬದಲಾಗಿದೆ, ಅರ್ಥ ಬದಲಾಗಿಲ್ಲ.

ತಾಳ್ಮೆ ದೊಡ್ಡ ಗುಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಂಡವರು, ರಚ್ಚೆ ಹಿಡಿದ ಕೂಸನ್ನು ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದವರು ಇದನ್ನು ಬಲ್ಲರು. ನನ್ನ ಪ್ರಶ್ನೆ ಬೇರೆ. ತಾಳುವುದೆಂದರೆ ನಿಜವಾಗಿ ಏನು ಮಾಡುವುದು? ಎಲ್ಲ ಬಗೆಯ ತಾಳಿಕೆಗೂ ಒಂದೇ ಬೆಲೆಯೆ? ತಾಳಿ ಬದುಕಿ ಉಳಿದವಳನ್ನು ತೋರಿಸಿ 'ನೋಡಿ, ಅವಳಿಗೇನಾಯಿತು?' ಎಂದು ಕೇಳುವುದು ನ್ಯಾಯವೆ?

ಇಂಥ ಪ್ರಶ್ನೆ ಬಂದಾಗ ಸೀತೆಯನ್ನೋ ಸಾವಿತ್ರಿಯನ್ನೋ ಸಾಕ್ಷಿಗೆ ಕರೆಯುವುದು ವಾಡಿಕೆ. ನಾನು ಬಹಳ ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳು. ನನಗೆ ನೆನಪಾಗುವುದು ಸೂಕ್ಷ್ಮದರ್ಶಕದ ಕೆಳಗಿನ ಏಕಕೋಶ ಜೀವಿಗಳು. ಅವಕ್ಕೆ ಮಿದುಳಿಲ್ಲ, ನರಗಳಿಲ್ಲ. ಆದರೂ ವಿಷ ಹರಿದು ಬಂದರೆ ಏನು ಮಾಡಬೇಕು, ಉಸಿರಿಗೆ ಗಾಳಿ ಸಾಲದಾದರೆ ಹೇಗೆ ಬದುಕಬೇಕು ಎಂಬ ಕಷ್ಟ ಅವಕ್ಕೂ ಇದೆ. ಅವಕ್ಕೆ ಯಾರೂ ಬುದ್ಧಿ ಹೇಳಿಲ್ಲ, ಗಾದೆ ಕಲಿಸಿಲ್ಲ. ಆದ್ದರಿಂದ ಅವು ಮಾಡುವುದನ್ನು ನೋಡಿದರೆ ತಾಳಿಕೆಯ ಲೆಕ್ಕ ಬಿಡಿಬಿಡಿಯಾಗಿ ಕಾಣುತ್ತದೆ.

ನಿಂತ ಸಿಹಿನೀರಿನಲ್ಲಿ ಸ್ಟೆಂಟರ್ ಎಂಬ ಒಂದು ಜೀವಿ ಇರುತ್ತದೆ. ಕಹಳೆಯ ಆಕಾರ. ಒಂದೇ ಕೋಶವಾದರೂ ಮೈಚಾಚಿದಾಗ ಸುಮಾರು ಒಂದು ಮಿಲಿಮೀಟರ್ ಉದ್ದವಾಗುತ್ತದೆ. ಕಣ್ಣು ಚೆನ್ನಾಗಿದ್ದವರಿಗೆ ಬರಿಗಣ್ಣಿಗೇ ಚುಕ್ಕೆಯಂತೆ ಕಂಡೀತು. ಬಾಲದ ತುದಿಯಿಂದ ನೀರಿನ ಗಿಡಕ್ಕೋ ಕಸಕ್ಕೋ ಅಂಟಿಕೊಂಡು, ಬುಡದ ಸುತ್ತ ಲೋಳೆಯ ಒಂದು ಗೂಡು ಕಟ್ಟಿಕೊಂಡು, ಕಹಳೆಯ ಬಾಯಿಯ ಸುತ್ತಲಿನ ಸಣ್ಣ ರೋಮಗಳನ್ನು ಆಡಿಸುತ್ತ ನೀರಿನ ಜೊತೆ ಆಹಾರವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಅದರ ಸಂಸಾರ ಅಷ್ಟೇ.

ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್ ಎಂಬ ಅಮೆರಿಕದ ವಿಜ್ಞಾನಿ ಈ ಜೀವಿಯ ಬಾಯಿಯ ಬಳಿ ಕೊಳವೆಯಿಂದ ಕಾರ್ಮೈನ್ ಎಂಬ ಕೆಂಪು ಬಣ್ಣದ ಪುಡಿಯನ್ನು ನೀರಿನಲ್ಲಿ ಕದಡಿ ಬಿಡುತ್ತ ಹೋದ. ತಾನು ಕಂಡದ್ದನ್ನು 1906ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರವಾಗಿ ಬರೆದ. ಮೊದಮೊದಲು ಸ್ಟೆಂಟರ್ ಏನೂ ಮಾಡುವುದಿಲ್ಲ. ಪುಡಿಯೂ ನೀರಿನ ಜೊತೆ ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದು ಪಕ್ಕಕ್ಕೆ ಬಾಗುತ್ತದೆ. ಪುಡಿ ಮತ್ತೂ ಬಂದರೆ ಮತ್ತೆ ಬಾಗುತ್ತದೆ. ಅದರಿಂದಲೂ ಆಗದಿದ್ದರೆ ರೋಮಗಳನ್ನು ಒಂದು ಕ್ಷಣ ಹಿಮ್ಮುಖವಾಗಿ ಆಡಿಸಿ, ಒಳಗೆ ಬರುವ ನೀರನ್ನು ಹೊರಕ್ಕೆ ತಳ್ಳುತ್ತದೆ. ಬೇಡವಾದದ್ದನ್ನು ಊದಿಬಿಟ್ಟಂತೆ. ಆಗಲೂ ಪುಡಿ ನಿಲ್ಲದಿದ್ದರೆ ಮೈಯನ್ನೆಲ್ಲ ಮುದುಡಿಕೊಂಡು ಗೂಡಿನೊಳಗೆ ಸೇರಿಬಿಡುತ್ತದೆ. ಅಲ್ಲಿ ಅರ್ಧ ನಿಮಿಷದಷ್ಟು ಕಾಲ ಇರುತ್ತದೆ. ಆಹಾರವಿಲ್ಲ, ಚಲನೆಯಿಲ್ಲ. ಆಮೇಲೆ ನಿಧಾನವಾಗಿ ಹೊರಗೆ ಚಾಚಿ ನೀರು ಹೇಗಿದೆಯೆಂದು ನೋಡಿದಂತೆ ಮತ್ತೆ ರೋಮ ಆಡಿಸುತ್ತದೆ. ಪುಡಿ ಇನ್ನೂ ಬರುತ್ತಿದ್ದರೆ ಮತ್ತೆ ಮುದುಡುತ್ತದೆ. ಹೀಗೆ ಹಲವು ಸಲ ಆದ ಮೇಲೆ, ಕೊನೆಗೆ, ಅಂಟಿಕೊಂಡ ಬುಡವನ್ನು ಕಿತ್ತುಕೊಂಡು, ಕಟ್ಟಿದ ಗೂಡನ್ನು ಅಲ್ಲೇ ಬಿಟ್ಟು ಈಜಿಕೊಂಡು ಹೊರಟುಹೋಗುತ್ತದೆ.

ಈ ವಿವರವನ್ನು ಬಹುಕಾಲ ಹಲವರು ನಂಬಲಿಲ್ಲ. 1967ರಲ್ಲಿ ನಡೆದ ಪ್ರಯತ್ನದಲ್ಲಿ ಇದು ಕಾಣಲಿಲ್ಲ. ಅವರು ತೆಗೆದುಕೊಂಡದ್ದು ಸ್ಟೆಂಟರಿನ ಬೇರೊಂದು ಜಾತಿ, ಸುಮ್ಮನೆ ಈಜಾಡುವುದನ್ನೇ ಹೆಚ್ಚು ಇಷ್ಟಪಡುವಂಥದು. 2019ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೆರೆಮಿ ಗುಣವರ್ಧನ ಮತ್ತು ಅವರ ಜೊತೆಗಾರರು ಜೆನ್ನಿಂಗ್ಸ್ ಹೇಳಿದ ಜಾತಿಯನ್ನೇ ಹುಡುಕಿ ತಂದು, ಪುಡಿಯ ಬದಲು ಅತಿ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಬಿಟ್ಟು ನೋಡಿದರು. ಬಾಗುವುದು, ಊದುವುದು ಸಾಮಾನ್ಯವಾಗಿ ಮೊದಲು. ಮುದುಡುವುದು, ಕಿತ್ತು ಹೊರಡುವುದು ಆಮೇಲೆ. ಜೆನ್ನಿಂಗ್ಸ್ ಕಂಡದ್ದು ನಿಜವಾಗಿತ್ತು.

ನನ್ನ ಮನಸ್ಸಿನಲ್ಲಿ ನಿಂತದ್ದು ಕೊನೆಯ ಹೆಜ್ಜೆಯಲ್ಲ, ನಡುವಿನದು. ಮುದುಡಿಕೊಂಡ ಸ್ಟೆಂಟರ್ ಅರ್ಧ ನಿಮಿಷದಲ್ಲಿ ಹೊರಗೆ ಬಂದು ನೋಡುತ್ತದೆ. ಅದರ ತಾಳಿಕೆ ಕುರುಡು ತಾಳಿಕೆಯಲ್ಲ. ಪುಡಿ ನಿಂತಿದ್ದರೆ ತೆರೆದುಕೊಳ್ಳುತ್ತದೆ, ನಿಲ್ಲದಿದ್ದರೆ ಮುಂದಿನ ಹೆಜ್ಜೆ ಇಡುತ್ತದೆ. ನಾವು ಹುಡುಗಿಯರಿಗೆ ಹೇಳುವ 'ಹೊಂದಿಕೊಂಡು ಹೋಗು' ಎಂಬ ಮಾತಿನಲ್ಲಿ ಬಾಗುವುದಿದೆ, ಮುದುಡುವುದಿದೆ. ಊದುವುದಿಲ್ಲ, ಅಂದರೆ 'ಇದು ನನಗೆ ಆಗದು' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗೆ ಬಂದು ನೋಡುವುದೂ ಇಲ್ಲ. ಹೊರಡುವುದಂತೂ ಮಾತಿಗೇ ಬರುವುದಿಲ್ಲ. ಇದಕ್ಕೆ ಎದುರಾಗಿ 'ಬಿಟ್ಟು ಬಾ, ಅದರಲ್ಲೇನಿದೆ' ಎಂದು ಮೊದಲ ದಿನವೇ ಕೊನೆಯ ಹೆಜ್ಜೆಯನ್ನು ಹೇಳುವವರೂ ಇದ್ದಾರೆ. ಕಟ್ಟಿದ ಗೂಡನ್ನು ಬಿಡುವುದಕ್ಕೆ ಬೆಲೆಯಿದೆ ಎಂಬುದು ಒಂದು ಕೋಶದ ಜೀವಿಯ ನಡವಳಿಕೆಯಲ್ಲೂ ಕಾಣುತ್ತದೆ. ಅದು ಅಗ್ಗದ ಉಪಾಯಗಳನ್ನೆಲ್ಲ ಮೊದಲು ಮಾಡಿ ನೋಡುತ್ತದೆ.

ಇದು ಹೊರಗಿನಿಂದ ಬಂದು ತಾಗುವ ಪುಡಿಯ ಮಾತು. ಅದು ಕಣ್ಣಿಗೆ ಕಾಣುತ್ತದೆ. ಕಾಣದ ಕಷ್ಟ ಇನ್ನೊಂದಿದೆ, ಉಸಿರಿಗೆ ಬೇಕಾದದ್ದು ಕಡಿಮೆಯಾಗುವುದು.

ರಾತ್ರಿ ಪಾತ್ರೆಯಲ್ಲಿ ಮುಚ್ಚಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿರುವುದನ್ನು ದಿನವೂ ನೋಡುವ ನಮಗೆ ಇದು ಹೊಸದಲ್ಲ. ಇಡ್ಲಿ ಹಿಟ್ಟಿನಲ್ಲಿ ಆ ಕೆಲಸ ಮುಖ್ಯವಾಗಿ ಉದ್ದಿನ ಜೊತೆ ಬರುವ ಬ್ಯಾಕ್ಟೀರಿಯಾಗಳದು. ಬ್ರೆಡ್ಡಿನಲ್ಲಿ, ದ್ರಾಕ್ಷಾರಸದಲ್ಲಿ ಯೀಸ್ಟಿನದು. ಫ್ರಾನ್ಸಿನ ಲೂಯಿ ಪಾಶ್ಚರ್ ಹುದುಗನ್ನು ಗಾಳಿಯಿಲ್ಲದ ಬದುಕು ಎಂದೇ ಕರೆದ. ಆಮ್ಲಜನಕ ಸಿಗದಾಗ ಯೀಸ್ಟ್ ಸಾಯುವುದಿಲ್ಲ. ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಬದುಕುತ್ತದೆ. ಆದರೆ ಲೆಕ್ಕ ನೋಡಿ. ಗಾಳಿಯಿದ್ದಾಗ ಒಂದು ಗ್ಲೂಕೋಸ್ ಕಣದಿಂದ ನಮ್ಮ ಮೈಯ ಕೋಶ ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯಗಳನ್ನು ಸುಮಾರು 30ರಷ್ಟು ಸಂಪಾದಿಸಬಲ್ಲದು. ಗಾಳಿಯಿಲ್ಲದ ಯೀಸ್ಟಿಗೆ ಸಿಗುವುದು ಬರೀ 2. ಅಷ್ಟೇ ಕೆಲಸಕ್ಕೆ ಅದು ಎಷ್ಟೋ ಪಟ್ಟು ಹೆಚ್ಚು ಸಕ್ಕರೆ ಸುಡಬೇಕು. ಸುಟ್ಟದ್ದರ ಉಳಿಕೆಯಾಗಿ ಮದ್ಯಸಾರ ಸುತ್ತ ಸೇರುತ್ತ ಹೋಗುತ್ತದೆ. ಅದು ಸಾಮಾನ್ಯವಾಗಿ ಶೇಕಡ 12ರಿಂದ 15ರಷ್ಟಾದಾಗ ಯೀಸ್ಟಿಗೇ ವಿಷವಾಗಿ ಅದರ ಕೆಲಸ ನಿಂತುಹೋಗುತ್ತದೆ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಪಾಠ ಹೇಳುವಾಗ ನಾನು ಯಾವಾಗಲೂ ಒತ್ತಿ ಹೇಳುತ್ತಿದ್ದೆ. ಕೋಶದ ಹೊದಿಕೆಗೆ ಬೇಕಾದ ಒಂದು ಬಗೆಯ ಕೊಬ್ಬನ್ನು ತಯಾರಿಸಲು ಯೀಸ್ಟಿಗೆ ಸ್ವಲ್ಪವಾದರೂ ಆಮ್ಲಜನಕ ಬೇಕೇ ಬೇಕು. ಗಾಳಿ ಪೂರ್ತಿ ನಿಂತ ಮೇಲೆ ಅದು ಹಿಂದೆ ಕೂಡಿಟ್ಟ ಕೊಬ್ಬಿನಲ್ಲೇ ಬದುಕುತ್ತದೆ. ಕೋಶ ಮೊಳೆತು ಮರಿಕೋಶವಾದಾಗ ಇದ್ದದ್ದನ್ನೇ ಇಬ್ಬರಿಗೂ ಹಂಚಬೇಕು. ಮುಂದಿನ ಮರಿಗೆ ಮತ್ತಷ್ಟು ಕಡಿಮೆ. ಹೊರಗಿನಿಂದ ಆ ಕೊಬ್ಬು ಸಿಗದಿದ್ದರೆ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಗಂಟು ಕರಗಿ ಬೆಳವಣಿಗೆ ನಿಲ್ಲುತ್ತದೆ. ನಮ್ಮ ಕೆಲವು ಮನೆಗಳಲ್ಲಿ ಹೆಂಗಸರು ತವರಿನಿಂದ ತಂದ ಗಾಳಿಯಲ್ಲೇ ಬದುಕುವುದನ್ನು ಕಂಡಿದ್ದೇನೆ. ಹುಡುಗಿಯಾಗಿದ್ದಾಗ ಕಲಿತ ಹಾಡು, ಓದಿದ ನಾಲ್ಕು ಪುಸ್ತಕ, ಅಪ್ಪ ಆಡಿದ ಒಂದು ಒಳ್ಳೆಯ ಮಾತು ಇಷ್ಟನ್ನೇ ನಲವತ್ತು ವರ್ಷ ಹಂಚಿಕೊಂಡು ಉಂಡು, ಮಗಳಿಗೂ ಅದರಲ್ಲೇ ಪಾಲು ಕೊಟ್ಟಿರುತ್ತಾರೆ. ಹೊರಗಿನವರಿಗೆ ಕಾಣುವುದು ಮನೆ ನಡೆಯುತ್ತಿದೆ ಎಂಬುದು ಮಾತ್ರ. ಎಷ್ಟು ಸುಟ್ಟು ನಡೆಯುತ್ತಿದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಕ್ಷಯದ ರೋಗಾಣು. ಇದು ಗಾಳಿಯನ್ನು ಬಹಳ ಬಯಸುವ ಜೀವಿ. ಶ್ವಾಸಕೋಶವನ್ನು ಹಿಡಿಯುವುದೂ ಇದೇ. ಅನುಕೂಲವಿದ್ದಾಗ ಸುಮಾರು 20 ಗಂಟೆಗೊಮ್ಮೆ ಇಬ್ಭಾಗವಾಗಿ ಬೆಳೆಯುತ್ತದೆ. ಅಮೆರಿಕದ ಲಾರೆನ್ಸ್ ವೇಯ್ನ್ ಎಂಬ ವಿಜ್ಞಾನಿ ಇದಕ್ಕೆ ಗಾಳಿ ತಪ್ಪಿಸಿದರೆ ಏನಾಗುತ್ತದೆ ಎಂದು ಬಹಳ ವರ್ಷ ಅಭ್ಯಾಸ ಮಾಡಿದ. ಆಮ್ಲಜನಕವನ್ನು ಒಮ್ಮೆಲೇ ತೆಗೆದುಬಿಟ್ಟರೆ ರೋಗಾಣುಗಳು ಬೇಗ ಸತ್ತುಹೋಗುತ್ತವೆ. ಆದರೆ ಬಾಯಿ ಬಿಗಿದ ಕೊಳವೆಯಲ್ಲಿ ನಿಧಾನವಾಗಿ ಕಲಕುತ್ತ, ಇದ್ದ ಗಾಳಿಯನ್ನು ಅವೇ ಸ್ವಲ್ಪಸ್ವಲ್ಪವಾಗಿ ಮುಗಿಸುವಂತೆ ಮಾಡಿದರೆ ಸಾಯುವುದಿಲ್ಲ. ಎರಡು ಮೆಟ್ಟಿಲು ಇಳಿದು ಒಂದು ಬಗೆಯ ನಿದ್ದೆಗೆ ಹೋಗುತ್ತವೆ ಎಂದು ವೇಯ್ನ್ ಮತ್ತು ಜೊತೆಗಾರ್ತಿ 1996ರಲ್ಲಿ ವಿವರಿಸಿದರು. ಉಸಿರಿದೆ ಎನ್ನುವಷ್ಟು ಜೀವ ಇರುತ್ತದೆ, ವಿಭಜನೆ ಇರುವುದಿಲ್ಲ. ಬದುಕಿವೆ, ಬೆಳೆಯುತ್ತಿಲ್ಲ. ಬೆಳೆಯುವ ಕೋಶಗಳನ್ನು ಕೊಲ್ಲುವ ಐಸೋನಿಯಾಜಿಡ್‌ನಂಥ ಔಷಧಿಗೂ ಆಗ ಅವು ಸುಲಭಕ್ಕೆ ಸಿಗುವುದಿಲ್ಲ. ಕ್ಷಯಕ್ಕೆ ಇಂದಿಗೂ ಕಡಿಮೆಯೆಂದರೆ ತಿಂಗಳುಗಟ್ಟಲೆ, ಸಾಮಾನ್ಯವಾಗಿ 6 ತಿಂಗಳು, ಮಾತ್ರೆ ನುಂಗಬೇಕಾಗಿರುವುದಕ್ಕೆ ಇಂಥ ಮಲಗಿದ ಕೋಶಗಳು ಒಂದು ಮುಖ್ಯ ಕಾರಣ. ಕೆಮ್ಮು ನಿಂತಿತೆಂದು ಎರಡೇ ತಿಂಗಳಿಗೆ ಮಾತ್ರೆ ಬಿಡಬಾರದು ಎನ್ನುವುದು ಅದಕ್ಕೇ.

ಈ ಪ್ರಯೋಗವನ್ನು ನೆನೆದಾಗ ನನಗೆ ಒಬ್ಬ ಹಳೆಯ ವಿದ್ಯಾರ್ಥಿನಿಯ ನೆನಪಾಗುತ್ತದೆ. ರೋಗಾಣುವಿನ ಮಾತಿನ ನಡುವೆ ಅವಳನ್ನು ತಂದೆನೆಂದು ಓದುಗರು ಬೇಸರಪಡಬಾರದು. ಗಾಳಿ ಕಡಿಮೆಯಾಗುವ ಬಗೆ ಎರಡೂ ಕಡೆ ಒಂದೇ. ಮದುವೆಯಾಗಿ ಎಂಟು ವರ್ಷದ ಮೇಲೆ ಮನೆಗೆ ಬಂದಿದ್ದಳು. "ನಮ್ಮ ಮನೇಲಿ ಯಾರೂ ಕೆಟ್ಟವರಲ್ಲ ಮೇಡಂ. ಕೈ ಮಾಡಿದವರಿಲ್ಲ, ಬೈದವರಿಲ್ಲ. ನನಗೇ ಯಾಕೋ ಏನೂ ಬೇಡ ಅನ್ನಿಸುತ್ತೆ" ಎಂದಳು. ವೈದ್ಯರಿಗೆ ತೋರಿಸಿದ್ದಳಂತೆ, ಎಲ್ಲ ಸರಿಯಿದೆ ಎಂದಿದ್ದರಂತೆ. ನಾನು ಕಷ್ಟವೇನೆಂದು ಕೇಳಲಿಲ್ಲ. "ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವುದು ಏನೇನು?" ಎಂದು ಕೇಳಿದೆ. ಅವಳು ಬೆರಳು ಮಡಿಸುತ್ತ ಹೋದಳು. ಮಗುವಾದ ವರ್ಷ ಶಾಲೆಯ ಕೆಲಸ ಬಿಟ್ಟದ್ದು, 'ಮಗು ಸ್ವಲ್ಪ ದೊಡ್ಡದಾಗಲಿ' ಎಂದು. ಸಂಜೆಯ ಸಂಗೀತ ಪಾಠ ಬಿಟ್ಟದ್ದು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಲಿ ಎಂದು. ಬ್ಯಾಂಕಿನ ಖಾತೆ ಮುಚ್ಚಿದ್ದು, 'ಎರಡೆರಡು ಯಾಕೆ' ಎಂದು. ಗೆಳತಿಯರಿಗೆ ಫೋನು ಮಾಡುವುದು ಕಡಿಮೆಯಾದದ್ದು. ತವರಿಗೆ ವರ್ಷಕ್ಕೆ ನಾಲ್ಕು ಸಲ ಹೋಗುತ್ತಿದ್ದದ್ದು ಒಂದಕ್ಕೆ ಇಳಿದದ್ದು. ಎಡಗೈ ಬೆರಳು ಮುಗಿದು ಬಲಗೈಗೆ ಬಂದಾಗ ಅವಳೇ ಸುಮ್ಮನಾದಳು.

ಇವನ್ನೆಲ್ಲ ಮದುವೆಯಾದ ಮೊದಲ ವಾರದಲ್ಲೇ ಒಟ್ಟಿಗೆ ಕೇಳಿದ್ದರೆ ಅವಳು ಖಂಡಿತ ಒಪ್ಪುತ್ತಿರಲಿಲ್ಲ. ಅವಳ ಅಪ್ಪ ಅಮ್ಮ ಬಂದು ನಿಲ್ಲುತ್ತಿದ್ದರು. ಒಂದೊಂದೇ ಆಗಿ, ಒಂದೊಂದಕ್ಕೂ ಒಂದು ಸಾಧುವಾದ ಕಾರಣದ ಜೊತೆ ಆದದ್ದರಿಂದ ಯಾರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಥಟ್ಟನೆ ಗಾಳಿ ನಿಂತರೆ ಜೀವ ಒದ್ದಾಡುತ್ತದೆ. ಒದ್ದಾಟ ಕಂಡರೆ ಯಾರಾದರೂ ಬಾಗಿಲು ತೆರೆದಾರು. ಮೆಲ್ಲಮೆಲ್ಲನೆ ನಿಂತರೆ ಜೀವ ಹೊಂದಿಕೊಳ್ಳುತ್ತದೆ, ಹೊಂದಿಕೊಂಡದ್ದನ್ನು ನಾವು ಸಂತೋಷ ಎಂದು ಓದಿಕೊಳ್ಳುತ್ತೇವೆ. 'ಎಷ್ಟು ಒಳ್ಳೆಯವಳು, ಒಂದು ಮಾತಿಲ್ಲ' ಎನ್ನುತ್ತೇವೆ. ವೇಯ್ನ್‌ನ ಕೊಳವೆಯಲ್ಲೂ ಒಂದು ಮಾತಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಸಂತೋಷವಲ್ಲ. ಅವಳು ಆಮೇಲೆ ಏನು ಮಾಡಿದಳು ಎಂಬುದು ಅವಳ ಸ್ವಂತ ವಿಷಯ, ಇಲ್ಲಿ ಬೇಡ. ಅದೇ ಪ್ರಯೋಗದ ಇನ್ನೊಂದು ಮಾತನ್ನು ಮಾತ್ರ ಹೇಳುತ್ತೇನೆ. ಮಲಗಿದ ಆ ಕೋಶಗಳಿಗೆ ಮತ್ತೆ ಗಾಳಿ ಕೊಟ್ಟರೆ ಅವು ಎಲ್ಲವೂ ಜೊತೆಯಾಗಿ ವಿಭಜನೆ ಶುರುಮಾಡುತ್ತವೆ. ನಿಂತದ್ದು ಸತ್ತದ್ದಲ್ಲ.

ತಾಳಿ ಉಳಿದದ್ದೆಲ್ಲ ಒಳ್ಳೆಯದೇ ಆಗುತ್ತದೆ ಎಂದೂ ನಾನು ಹೇಳುವುದಿಲ್ಲ. ಧನುರ್ವಾಯುವಿನ ರೋಗಾಣುವಿಗೆ ಆಮ್ಲಜನಕವೇ ವಿಷ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದಾಗ ಅಂದಿನ ಬಹುಪಾಲು ಜೀವಿಗಳಿಗೂ ಅದು ವಿಷವೇ ಆಗಿತ್ತು. ನಮ್ಮ ಪ್ರಾಣವಾಯು ಇನ್ನೊಬ್ಬರ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ 'ನನಗೆ ಈ ಮನೆ ಹಿತವಾಗಿತ್ತು, ನಿನಗೇನು ಕಷ್ಟ?' ಎಂದು ಕೇಳುವ ಮೊದಲು ಒಂದು ಕ್ಷಣ ತಡೆಯಬೇಕು. ಧನುರ್ವಾಯುವಿನ ರೋಗಾಣು ಗಾಳಿಯ ಜಗತ್ತಿನಲ್ಲಿ ಗಟ್ಟಿ ಕವಚದ ಬೀಜಕವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಒಣಗಿಸಿದರೂ ಸಾಯದು, ಕುದಿಸಿದರೂ ಬೇಗ ಸಾಯದು. ಗಾಳಿ ತಾಗದ ಆಳವಾದ ಗಾಯವೊಂದು ಸಿಕ್ಕಿದಾಗ ಎಚ್ಚೆತ್ತು, ನಮಗೆ ತಿಳಿದಿರುವ ಅತಿ ಉಗ್ರ ವಿಷಗಳಲ್ಲೊಂದನ್ನು ಸುರಿಸುತ್ತದೆ. ಹಸುಗೂಸಿನ ಹೊಕ್ಕುಳಿಗೆ ಸಗಣಿ, ಬೂದಿ ಮೆತ್ತುತ್ತಿದ್ದ ಕಾಲದಲ್ಲಿ ಎಷ್ಟು ಕೂಸುಗಳು ಇದರಿಂದ ಹೋದವೋ. ಬಸುರಿಯರಿಗೆ ಲಸಿಕೆ, ಸ್ವಚ್ಛ ಹೆರಿಗೆ ಇವುಗಳಿಂದ ತಾಯಿ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನದ ಮಟ್ಟಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿಕೊಂಡಿತು.

ಮನುಷ್ಯರ ತಾಳಿಕೆಯಲ್ಲೂ ಈ ಬೀಜಕದ ಬಗೆಯದೊಂದು ಇದೆ. ಹೇಳಲಾಗದೆ, ಮರೆಯಲೂ ಆಗದೆ, ಗಟ್ಟಿ ಕವಚದೊಳಗೆ ಇಪ್ಪತ್ತು ಮೂವತ್ತು ವರ್ಷ ಕೂತಿರುತ್ತದೆ. ಮನೆಗೆ ಸೊಸೆ ಬಂದ ದಿನ ಎಚ್ಚರವಾಗುತ್ತದೆ. 'ನಾನು ಪಟ್ಟಿಲ್ಲವೆ? ನೀನೂ ಪಡು.' 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎನ್ನುವ ಗಾದೆ ಇಂಥ ಕಾಯುವಿಕೆಯ ಕಥೆಯೇ. ನಾವು ಆ ಅತ್ತೆಯನ್ನು ಸುಲಭವಾಗಿ ದೂರುತ್ತೇವೆ. ಅವಳಿಗೆ ಒಮ್ಮೆ 'ತಾಳು' ಎಂದು ಹೇಳಿ ಬಾಯಿ ಮುಚ್ಚಿಸಿದವರನ್ನು ಯಾರೂ ದೂರುವುದಿಲ್ಲ.

ಇಷ್ಟನ್ನು ಓದಿ ಕೆಲವರು ಕೇಳಬಹುದು: ಕೊಳದ ಹುಳುವಿನಂಥ ಜೀವಿಯಿಂದ ನಾವು ನೀತಿ ಕಲಿಯಬೇಕೆ? ಖಂಡಿತ ಬೇಡ. 2019ರ ಆ ಪ್ರಯೋಗದಲ್ಲೇ ಕಂಡ ಸಂಗತಿಯೊಂದಿದೆ. ಮತ್ತೆ ಮುದುಡಬೇಕೋ, ಕಿತ್ತು ಹೊರಡಬೇಕೋ ಎಂಬ ಘಟ್ಟದಲ್ಲಿ ಸ್ಟೆಂಟರಿನ ಆಯ್ಕೆ ನಾಣ್ಯ ಚಿಮ್ಮಿದಂತೆ ಇತ್ತು, ಎರಡಕ್ಕೂ ಸಮ ಸಾಧ್ಯತೆ. ಕೋಶಕ್ಕೆ ಕಾರಣ ಕೊಡುವ ಹೊಣೆಯಿಲ್ಲ. ನಮಗಿದೆ. ಉಳಿಯುವುದಕ್ಕೂ ಹೊರಡುವುದಕ್ಕೂ ನಾವು ಕಾರಣ ಹುಡುಕಬೇಕು. ಮಕ್ಕಳು, ಮಮತೆ, ಕೊಟ್ಟ ಮಾತು, ಕೈಯಲ್ಲಿರುವ ಕಾಸು ಎಲ್ಲವನ್ನೂ ತೂಗಬೇಕು. ಪ್ರಕೃತಿ ಹೀಗೆ ಮಾಡುತ್ತದೆ, ಆದ್ದರಿಂದ ನಾವೂ ಮಾಡಬೇಕು ಎನ್ನುವುದು ವಾದವೇ ಅಲ್ಲ.

ನಾನು ಈ ಜೀವಿಗಳಿಂದ ತೆಗೆದುಕೊಳ್ಳುವುದು ನೀತಿಯನ್ನಲ್ಲ, ಒಂದು ತಿಳಿವಳಿಕೆಯನ್ನು. ಬದುಕಿ ಉಳಿಯುವುದಕ್ಕೆ ಯಾವಾಗಲೂ ಬೆಲೆ ಕೊಡಬೇಕಾಗುತ್ತದೆ. ಉಳಿದರು ಎಂಬುದರಿಂದ ಬೆಲೆ ಕೊಡಲಿಲ್ಲ ಎಂದಾಗುವುದಿಲ್ಲ. ಬದುಕಿರುವುದು ಒಪ್ಪಿಗೆಯ ಗುರುತಲ್ಲ, ಆರೋಗ್ಯದ ಗುರುತೂ ಅಲ್ಲ. ಹಾಗಾದರೆ ಒಳ್ಳೆಯ ತಾಳಿಕೆ ಯಾವುದು? ಕಾರಣ ಗೊತ್ತಿದ್ದು, ಮುಗಿಯುವ ಕಾಲವೊಂದು ಕಾಣುತ್ತಿದ್ದು, ಆಗಾಗ ಹೊರಗೆ ಬಂದು ನೋಡುವ ಬಿಡುವು ಇದ್ದು, ಆದೀತು ಆಗದು ಎನ್ನುವ ಬಾಯಿ ತೆರೆದಿದ್ದು ತಾಳಿದರೆ ಅದು ತಾಳ್ಮೆ. ರೋಗಿಯ ಪಕ್ಕ ಎದ್ದು ಕೂತ ತಾಯಿಯದು ಅಂಥದು. ಇದಾವುದೂ ಇಲ್ಲದ್ದು ಮುದುಡಿಕೆ ಅಷ್ಟೇ, ಅದನ್ನು ಹೊಗಳುವುದು ಪಾಪ.

ಕೊನೆಗೂ ಒಂದು ಮಾತು ಉಳಿಯುತ್ತದೆ. ಜೆನ್ನಿಂಗ್ಸ್‌ನ ಪುಸ್ತಕವನ್ನು ಓದುವವರೆಲ್ಲ ಸ್ಟೆಂಟರ್ ಏನು ಮಾಡಿತು ಎಂದೇ ನೋಡುತ್ತಾರೆ. ಪುಡಿ ಬಿಡುತ್ತಿದ್ದ ಕೊಳವೆಯ ಮಾತು ಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ಅದು ಸರಿ, ತಿಳಿಯುವುದಕ್ಕಾಗಿ ಮಾಡಿದ್ದು. ಮನೆ ಪ್ರಯೋಗಶಾಲೆಯಲ್ಲ. ಅಲ್ಲಿ ಒಬ್ಬಳು ಎಷ್ಟು ಬಾಗಬಲ್ಲಳು, ಎಷ್ಟು ಹೊತ್ತು ಮುದುಡಿ ಇರಬಲ್ಲಳು ಎಂದು ನೋಡುತ್ತ ಕೂರುವ ಹಕ್ಕು ಯಾರಿಗೂ ಇಲ್ಲ. ಪಕ್ಕದ ಸ್ಟೆಂಟರ್ ಬಂದು ಕೊಳವೆಯನ್ನು ಸರಿಸಲಾರದು, ಅದಕ್ಕೆ ಕೈಯಿಲ್ಲ. ನಮಗೆ ಕೈಯಿದೆ, ಮಾತಿದೆ. ಅತ್ತೆಯಾಗಿ, ತಾಯಿಯಾಗಿ, ನಾದಿನಿಯಾಗಿ, ಪಕ್ಕದ ಮನೆಯವಳಾಗಿ ನಮ್ಮಲ್ಲಿ ಪ್ರತಿಯೊಬ್ಬಳಿಗೂ ಯಾವುದಾದರೊಂದು ಬಾಗಿಲು ತೆರೆಯುವಷ್ಟು ಶಕ್ತಿ ಇದ್ದೇ ಇರುತ್ತದೆ.

ಆದ್ದರಿಂದ ಇನ್ನು ಮುಂದೆ ಯಾರಿಗಾದರೂ 'ತಾಳು' ಎಂದು ಹೇಳುವ ಮೊದಲು, ಅವಳು ತಾಳುತ್ತಿರುವುದನ್ನು ಸುರಿಯುತ್ತಿರುವ ಕೈ ಯಾವುದು ಎಂದು ಸುತ್ತ ನೋಡೋಣ. ಅದನ್ನು ನಿಲ್ಲಿಸಲು ಒಮ್ಮೆಯಾದರೂ ಹೇಳಿ ನೋಡೋಣ. ತಾಳು ಎನ್ನುವ ಮಾತು ಅದಾದ ಮೇಲೆ ಬಂದರೆ ಅದಕ್ಕೆ ಒಂದು ಮರ್ಯಾದೆ ಇರುತ್ತದೆ.